ಹಾಳುಬಿದ್ದ ಲಾನ್: ಬೀಜ ತರುವ ಮೊದಲು ತಗ್ಗು ಯಾಕೆ ಬಿತ್ತು ಅಂತ ನೋಡಿ

ಎರಡು ಬೇಸಿಗೆ ನೀರಿಲ್ಲದೆ ಬಿಟ್ಟ ಲಾನ್ ನೋಡಿದಾಗ ಎಲ್ಲರಿಗೂ ಹೊಳೆಯುವುದು ಒಂದೇ ಉಪಾಯ. ಒಂದು ಲೋಡ್ ಕೆಮ್ಮಣ್ಣು ಹಾಕಿಸಿ, ಮೇಲೆ ಬೀಜ ಎರಚಿಬಿಡೋಣ. ಮಾಲಿಯೂ ಅದನ್ನೇ ಹೇಳುತ್ತಾರೆ. ಮಣ್ಣು ಬರುತ್ತದೆ, ಹರಡುತ್ತಾರೆ, ಒಂದಷ್ಟು ದಿನ ಹಸಿರು ಕಾಣುತ್ತದೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ತಗ್ಗು, ಅದೇ ಬೋಳು. ತಗ್ಗು ಬೀಳಲು, ಹುಲ್ಲು ಸಾಯಲು ಏನೋ ಒಂದು ಕಾರಣ ಇತ್ತು, ಮಣ್ಣು ಸುರಿದು ಅದನ್ನು ಮುಚ್ಚಿದಿರಿ, ಅಷ್ಟೇ. ಹಾಗಾಗಿ ಬೀಜ ಕೊನೆಯ ಕೆಲಸ. ಎಷ್ಟೋ ಮನೆಗಳಲ್ಲಿ ಬೀಜವೇ ಬೇಕಾಗುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಬೆಂಗಳೂರು, ಮೈಸೂರು, ತುಮಕೂರು ಕಡೆಯ ಕೆಂಪು ಮಣ್ಣಿನ ಅಂಗಳಕ್ಕೆ ಸರಿಹೋಗುತ್ತದೆ. ಧಾರವಾಡ, ವಿಜಯಪುರದ ಕಡೆ ಕಪ್ಪು ಮಣ್ಣಿದ್ದರೆ ಒಂದು ವಿಷಯ ಬೇರೆ: ಆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಆದ್ದರಿಂದ ಎಷ್ಟೇ ಮಟ್ಟ ಮಾಡಿದರೂ ವರ್ಷಕ್ಕೊಮ್ಮೆ ಸ್ವಲ್ಪ ಸರಿಪಡಿಸುವುದು ಇದ್ದೇ ಇರುತ್ತದೆ.

ಮೊದಲು, ಯಾವ ಹುಲ್ಲು ಅಂತ ತಿಳ್ಕೊಳ್ಳಿ

ಇಂಗ್ಲೆಂಡಿನವರ ವಿಡಿಯೋ ನೋಡಿ ಕೆಲಸ ಶುರು ಮಾಡುವವರು ಜಾಸ್ತಿ. ಅವರು ಹಾಕುವುದು ರೈ, ಫೆಸ್ಕ್ಯೂ ಅನ್ನುವ ಚಳಿ ಪ್ರದೇಶದ ಹುಲ್ಲು, ಬಿತ್ತುವುದು ಸೆಪ್ಟೆಂಬರ್‌ನಲ್ಲಿ. ಆ ಬೀಜ ಇಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಚಳಿಗಾಲದಲ್ಲಿ ಚೆನ್ನಾಗಿಯೇ ಮೊಳೆಯುತ್ತದೆ, ಏಪ್ರಿಲ್ ಬಿಸಿಲಿಗೆ ಒಣಗುತ್ತದೆ. ನಮ್ಮ ಬಯಲು ಸೀಮೆಯಲ್ಲಿ ನಿಲ್ಲುವುದು ಬಿಸಿಲಿನ ಹುಲ್ಲುಗಳು ಮಾತ್ರ.

ನಿಮ್ಮ ಅಂಗಳದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಇರುತ್ತದೆ. ಸಣ್ಣ ಎಲೆ, ನೆಲದ ಮೇಲೂ ಒಳಗೂ ಬಳ್ಳಿ ಹರಿಸುವುದು ಗರಿಕೆ, ಅಂದರೆ ನರ್ಸರಿಯವರು ಬರ್ಮುಡಾ ಅನ್ನುವ ಗುಂಪು. ಒತ್ತೊತ್ತಾಗಿ ಬೆಳೆದು, ಕತ್ತರಿಸದೆ ಬಿಟ್ಟರೆ ಗುಪ್ಪೆ ಗುಪ್ಪೆಯಾಗಿ ಉಬ್ಬುವುದು ಮೆಕ್ಸಿಕನ್ ಅಥವಾ ಕೊರಿಯನ್ ಗ್ರಾಸ್. ಅಗಲ ಎಲೆಯದು, ನೆರಳಲ್ಲೂ ತಕ್ಕಮಟ್ಟಿಗೆ ಬರುವುದು ಬಫಲೋ ಗ್ರಾಸ್. ಈ ಮೂರರಲ್ಲಿ ಬೀಜದಿಂದ ಸುಲಭವಾಗಿ ಬರುವುದು ಗರಿಕೆ ಮಾತ್ರ. ಉಳಿದೆರಡನ್ನು ಹಾಸಾಗಿಯೋ ಬೇರಿನ ತುಂಡಾಗಿಯೋ ತಂದು ನೆಡುತ್ತಾರೆ. "ಮೆಕ್ಸಿಕನ್ ಗ್ರಾಸ್ ಬೀಜ" ಅಂತ ಬರೆದ ಪ್ಯಾಕೆಟ್ ಕಂಡರೆ ದುಡ್ಡು ಜೇಬಲ್ಲೇ ಇರಲಿ. ಮೆಕ್ಸಿಕನ್ ಹಾಸಿನ ಮಧ್ಯೆ ಗರಿಕೆ ಬೀಜ ಬಿತ್ತಿದರೆ ಬೇರೆ ಬೇರೆ ಬಣ್ಣದ ತೇಪೆ ಕಾಣುತ್ತದೆ, ಆಮೇಲೆ ಆ ಗರಿಕೆಯನ್ನು ತೆಗೆಯುವುದು ಆಗದ ಮಾತು. ಗೌರಿ ಹಬ್ಬದಲ್ಲಿ ಗಣಪತಿಗೆ ಬೇಕು ಅಂದಾಗ ಸಿಗದ ಗರಿಕೆ, ಬೇಡವಾದ ಕಡೆ ಮಾತ್ರ ತಪ್ಪದೆ ಬರುತ್ತದೆ.

ಬೋಳು ಎಲ್ಲಿದೆ ಅನ್ನುವುದೇ ಅರ್ಧ ಉತ್ತರ

ಬೆಳಗ್ಗೆ ಒಂದು ಸಲ, ಜೋರು ಮಳೆ ನಿಂತ ಅರ್ಧ ಗಂಟೆಗೆ ಒಂದು ಸಲ ಸುಮ್ನೆ ಅಂಗಳ ಸುತ್ತಿ ನೋಡಿ. ಒಂದು ಹಾಳೆಯಲ್ಲಿ ನಕ್ಷೆ ಗೀಚಿಕೊಳ್ಳಿ.

ಉಬ್ಬಿನ ಮೇಲೆ ಮಾತ್ರ ಹುಲ್ಲು ಕಂದಾಗಿದ್ದರೆ ರೋಗ ಅಂತ ಹೆದರಬೇಡಿ. ಕತ್ತರಿಸುವ ಮಷೀನಿನ ಬ್ಲೇಡ್ ಉಬ್ಬನ್ನು ಬುಡದವರೆಗೆ ಕೆರೆಯುತ್ತಿದೆ. ಮಟ್ಟ ಮಾಡಿದರೆ ತಾನಾಗಿ ಸರಿಹೋಗುತ್ತದೆ. ತಗ್ಗಿನಲ್ಲಿ ಮಾತ್ರ ಸತ್ತಿದೆ, ಹತ್ತಿರ ಹೋದರೆ ಪಾಚಿ ಅಥವಾ ಕೊಳೆತ ವಾಸನೆ ಇದೆ ಅಂದರೆ ನೀರು ನಿಲ್ಲುತ್ತಿದೆ. ಮರದ ಕೆಳಗೆ ವಿರಳವಾಗಿ, ಉದ್ದುದ್ದಕ್ಕೆ ಎಳೆದುಕೊಂಡಿದ್ದರೆ ನೆರಳು ಕಾರಣ. ಗರಿಕೆಗೆ ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೇಕು. ಮಾವಿನ ಮರದ ಬುಡದಲ್ಲಿ ಪ್ರತಿ ವರ್ಷ ಬೀಜ ಹಾಕುವುದು ಬೀಜದಂಗಡಿಯವರಿಗೆ ಮಾಡುವ ಉಪಕಾರ. ಅಲ್ಲಿ ಕೊಂಬೆ ಸವರಿಸಿ, ಇಲ್ಲ ಬಫಲೋ ಗ್ರಾಸ್ ಹಾಕಿ, ಅದೂ ಬೇಡವಾದರೆ ಕಲ್ಲು ಹಾಸಿ ಬೆಂಚಿಡಿ.

ಅಂಗೈ ಅಗಲದ ಸುಟ್ಟ ಕಲೆ, ಸುತ್ತ ಕಡು ಹಸಿರು ಅಂಚು ಇದ್ದರೆ ನಾಯಿಯ ಮೂತ್ರ. ನೀರು ಹೊಯ್ದು ತೊಳೆಯಿರಿ ಸಾಕು. ಮಳೆಗಾಲದಲ್ಲಿ ವೃತ್ತಾಕಾರದ ಕಲೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ, ಬೆಳಗಿನ ಇಬ್ಬನಿಯಲ್ಲಿ ಅಂಚು ಹೊಗೆ ಬಣ್ಣಕ್ಕೆ ತಿರುಗಿದ್ದರೆ ಬೂಷ್ಟು ರೋಗ. ಸಂಜೆ ನೀರು ಹಾಕುವುದನ್ನು ನಿಲ್ಲಿಸಿ, ಯೂರಿಯಾ ನಿಲ್ಲಿಸಿ.

ಬಣ್ಣವನ್ನೂ ನೋಡಿ. ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕ ಸಾಲದು. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ. ಕಾಂಪೌಂಡ್ ಪಕ್ಕ, ಪೋರ್ಟಿಕೋ ಪಕ್ಕ ಹೀಗಾಗಿದ್ದರೆ ಬಹುತೇಕ ಕೆಳಗೆ ಸಿಮೆಂಟ್ ಇದೆ.

ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ

ನೆಲ ಸ್ವಲ್ಪ ತೇವ ಇದ್ದಾಗ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಕೈಯಲ್ಲೇ ಒತ್ತಿ. ಆರು ಇಂಚು ಆರಾಮಾಗಿ ಇಳಿದರೆ ಮಣ್ಣು ಚೆನ್ನಾಗಿದೆ. ಎರಡು ಇಂಚಿಗೇ ತಿಣುಕಿದರೆ ಮಣ್ಣು ತುಳಿದು ಗಟ್ಟಿಯಾಗಿದೆ. "ಟಣ್" ಅಂತ ಶಬ್ದ ಬಂದು ನಿಂತರೆ ಇಟ್ಟಿಗೆ ಚೂರು, ಜಲ್ಲಿ, ಗಾರೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಯಾಕೆಂದರೆ ನಮ್ಮ ಊರುಗಳ ಲಾನ್‌ಗಳ ಅತಿ ದೊಡ್ಡ ರೋಗ ಇದೇ. ಮನೆ ಕಟ್ಟಿ ಮುಗಿಸಿದವರು ಉಳಿದ ಗಾರೆ, ಒಡೆದ ಟೈಲ್ಸ್, ಸುಣ್ಣ, ಸಿಮೆಂಟ್ ಚೀಲ, ಎಲ್ಲವನ್ನೂ ಅಂಗಳದಲ್ಲೇ ಸಮ ಮಾಡಿ, ಮೇಲೆ ಮೂರು ಇಂಚು ಕೆಮ್ಮಣ್ಣು ಎಳೆದು, ಅದರ ಮೇಲೆ ಹುಲ್ಲಿನ ಹಾಸು ಬಿಡಿಸಿ ಗೃಹಪ್ರವೇಶಕ್ಕೆ ಫೋಟೋ ತೆಗೆಸಿರುತ್ತಾರೆ. ಬೇರು ಮೂರು ಇಂಚಿನಾಚೆ ಇಳಿಯುವುದಿಲ್ಲ. ನೀರು ಒಂದು ದಿನ ತಪ್ಪಿದರೆ ಬಾಡುತ್ತದೆ. ಕೆಳಗಿನ ಸಂದುಗಳಿಗೆ ಮಣ್ಣು ಇಳಿದಂತೆಲ್ಲ ಮೇಲೆ ತಗ್ಗು ಬೀಳುತ್ತದೆ. ತಗ್ಗು, ಬೋಳು, ಹಳದಿ ಮೂರಕ್ಕೂ ಕಾರಣ ಒಂದೇ, ಅಲ್ವಾ?

ಖಾತ್ರಿ ಮಾಡಿಕೊಳ್ಳಲು ಆ ಜಾಗದ ಮಣ್ಣನ್ನು ಒಣಗಿಸಿ, ಒಂದು ಚಮಚದಷ್ಟರ ಮೇಲೆ ಅಡುಗೆಮನೆಯ ವಿನೆಗರ್ ಹಾಕಿ. ಬುಸಬುಸ ನೊರೆ ಬಂದರೆ ಸುಣ್ಣ, ಸಿಮೆಂಟ್ ಇದೆ. ಒಳ್ಳೆಯ ಕೆಂಪು ಮಣ್ಣು ನೊರೆಯುವುದಿಲ್ಲ. ಇದಕ್ಕೆ ಮೇಲಿನಿಂದ ಮದ್ದಿಲ್ಲ. ಅಷ್ಟು ಜಾಗವನ್ನು ಒಂದಡಿಯಾದರೂ ಅಗೆದು, ಜರಡಿ ಹಿಡಿದು, ಕಸ ಹೊರಗೆ ಹಾಕಿ, ಹೊಸ ಮಣ್ಣು ತುಂಬಬೇಕು. ಖರ್ಚಿನ ಕೆಲಸ, ಆದರೆ ಒಂದೇ ಸಲ. ಅಲ್ಲಿಯವರೆಗೆ ಹಳದಿ ಹೋಗಬೇಕಾದರೆ ಗ್ರಂಧಿಗೆ ಅಂಗಡಿಯ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರಿಗೆ 5 ಗ್ರಾಂ ಕರಗಿಸಿ ತಂಪು ಹೊತ್ತಿನಲ್ಲಿ ಎಲೆ ಮೇಲೆ ಸಿಂಪಡಿಸಿ. ಟೈಲ್ಸ್, ಗ್ರಾನೈಟ್ ಮೇಲೆ ಬಿದ್ದರೆ ತುಕ್ಕಿನ ಕಲೆ ಬಿಡುವುದೇ ಇಲ್ಲ, ಹುಷಾರು.

ಕಸ ಇಲ್ಲ, ಬರೀ ಗಟ್ಟಿಯಾಗಿದೆ ಅಂದರೆ ಕೆಲಸ ಸುಲಭ. ತೋಟದ ಫೋರ್ಕ್ ಅಥವಾ ಸಣ್ಣ ಸಲಾಕೆಯಿಂದ ನಾಲ್ಕು ಇಂಚಿಗೊಂದರಂತೆ, ನಾಲ್ಕು ಇಂಚು ಆಳಕ್ಕೆ ತೂತು ಹಾಕಿ. ಫೋರ್ಕನ್ನು ಸ್ವಲ್ಪ ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿ ತೆಗೆಯಿರಿ. ಮುಂದೆ ಹಾಕುವ ಮರಳು, ಗೊಬ್ಬರ ಈ ತೂತುಗಳಿಗೇ ಇಳಿಯಬೇಕು.

ತಗ್ಗಿನ ಆಕಾರ ಏನು ಹೇಳುತ್ತದೆ

ತಗ್ಗು ಉದ್ದಕ್ಕೆ ಗೆರೆ ಎಳೆದ ಹಾಗೆ ಇದ್ದರೆ ಅದರ ಕೆಳಗೆ ಪೈಪ್ ಇದೆ. ಟ್ರೆಂಚ್ ಅಗೆದು ಮುಚ್ಚುವಾಗ ದಮ್ಮಸ್ಸು ಸರಿಯಾಗಿ ಮಾಡಿಲ್ಲ. ಇದು ಒಂದೆರಡು ಮಳೆಗಾಲ ಇಳಿದು ನಿಲ್ಲುತ್ತದೆ, ತುಂಬಿಸಿದರೆ ಮುಗಿಯಿತು. ಆದರೆ ಆ ಗೆರೆ ಮಾತ್ರ ಬೇಸಿಗೆಯಲ್ಲೂ ಹಸಿರಾಗಿದ್ದರೆ, ಅಥವಾ ತುಂಬಿಸಿದಷ್ಟೂ ಇಳಿಯುತ್ತಿದ್ದರೆ, ಪೈಪ್ ಸೋರುತ್ತಿದೆ. ಪ್ಲಂಬರ್ ಕರೆಯಿರಿ, ಮಾಲಿಯನ್ನಲ್ಲ.

ದುಂಡಗೆ, ಹಳೆ ಮರ ಇದ್ದ ಕಡೆ ತಗ್ಗಾದರೆ ಬೊಡ್ಡೆ ಒಳಗೆ ಕೊಳೆಯುತ್ತಿದೆ. ಅಣಬೆ ಏಳುವುದೂ ಇದಕ್ಕೇ. ಬೊಡ್ಡೆ ಕಿತ್ತು ತೆಗೆಯಿರಿ, ಇಲ್ಲವಾದರೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ತುಂಬಿಸುತ್ತಿರಿ. ಪಕ್ಕದಲ್ಲಿ ಬಿಲದ ಬಾಯಿ, ಹೊಸ ಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣ. ಬೋನಿಟ್ಟು ಹಿಡಿಯುವ ತನಕ ಮಟ್ಟದ ಕೆಲಸಕ್ಕೆ ಕೈ ಹಾಕಬೇಡಿ.

ಚೌಕವಾಗಿ ಅಥವಾ ದೊಡ್ಡ ವೃತ್ತವಾಗಿ ನೆಲ ಕುಸಿದಿದ್ದರೆ, ಮೇಲೆ ನಡೆದಾಗ ಟೊಳ್ಳು ಶಬ್ದ ಬಂದರೆ, ಅದರ ಮೇಲೆ ಓಡಾಡುವುದನ್ನು ಆಗಲೇ ನಿಲ್ಲಿಸಿ. ಮಕ್ಕಳನ್ನೂ ಬಿಡಬೇಡಿ. ಹಳೆಯ ಸೆಪ್ಟಿಕ್ ಟ್ಯಾಂಕ್ ಅಥವಾ ಸಂಪಿನ ಚಪ್ಪಡಿ ಶಿಥಿಲವಾಗಿರಬಹುದು. ಹಳೇ ಬಡಾವಣೆಗಳಲ್ಲಿ ಒಳಚರಂಡಿ ಬಂದ ಮೇಲೆ ಟ್ಯಾಂಕ್‌ಗಳನ್ನು ಹಾಗೆಯೇ ಮುಚ್ಚಿ ಮರೆತುಬಿಟ್ಟದ್ದು ಬೇಕಾದಷ್ಟಿದೆ. ಇಂಗುಗುಂಡಿ ಆಗಿದ್ದರೆ ಮಾತ್ರ ಅದರ ಬಾಯಿಗೆ ಮಣ್ಣು ತುಂಬಿ ಮಟ್ಟ ಮಾಡಬೇಡಿ. ಅದು ಇರುವುದೇ ನೀರು ಇಂಗಲಿಕ್ಕೆ.

ಯಾವ ಆಕಾರವೂ ಇಲ್ಲದೆ ಇಡೀ ಅಂಗಳದಲ್ಲಿ ನೀರು ನಿಂತರೆ ಒಂದಡಿ ಆಳದ ಗುಂಡಿ ತೋಡಿ. ನೀರು ತುಂಬಿ, ಇಂಗಲು ಬಿಡಿ. ಮತ್ತೊಮ್ಮೆ ತುಂಬಿ, ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. ಒಂದು ಇಂಚು ಅಥವಾ ಜಾಸ್ತಿ ಇಳಿದರೆ ನೆಲ ಚೆನ್ನಾಗಿ ಇಂಗಿಸುತ್ತಿದೆ, ತೊಂದರೆ ಇಳಿಜಾರಿನದು. ಅರ್ಧ ಇಂಚೂ ಇಳಿಯದಿದ್ದರೆ ಬರೀ ಮಟ್ಟ ಮಾಡಿ ಪ್ರಯೋಜನವಿಲ್ಲ, ನೀರು ಹೊರಗೆ ಹೋಗಲು ಜಲ್ಲಿ ತುಂಬಿದ ಕಾಲುವೆ ಬೇಕು.

ಹುಳು ಇದೆಯೋ ಇಲ್ಲವೋ

ಬೋಳಿನ ಅಂಚಿನ ಹುಲ್ಲನ್ನು ಹಿಡಿದು ಎಳೆಯಿರಿ. ಬೇರಿಲ್ಲದೆ ಚಾಪೆಯಂತೆ ಎದ್ದು ಬಂದರೆ ಗೊಣ್ಣೆ ಹುಳು. ಒಂದು ಚದರ ಅಡಿ ಜಾಗವನ್ನು ಮೂರು ಕಡೆ ಕತ್ತರಿಸಿ, ಮಡಚಿ, ಮೂರು ಇಂಚು ಕೆದಕಿ. ಅರ್ಧಚಂದ್ರದಂತೆ ಮುದುಡಿದ, ಕಂದು ತಲೆಯ ಬಿಳಿ ಹುಳು ಒಂದೆರಡಿದ್ದರೆ ಪರವಾಗಿಲ್ಲ. ಐದಾರು ದಾಟಿದರೆ ಮದ್ದು ಬೇಕು. ಕಾಗೆ, ಮೈನಾ ಬೆಳಗಾದರೆ ಅದೇ ಜಾಗ ಕುಕ್ಕುತ್ತಿದ್ದರೆ ಅವೇ ನಿಮಗೆ ತೋರಿಸಿಕೊಟ್ಟ ಹಾಗೆ. ಮುಂಗಾರಿಗೆ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಬೇವಿನ ಮರದ ಮೇಲೆ ಗುಂಯ್‌ಗುಡುವ ದುಂಬಿಗಳ ಮರಿಗಳಿವು. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರದ ಜೊತೆಗೂ ಬರುತ್ತವೆ. ಅಂದರೆ ವರ್ಷ ವರ್ಷ ನೀವು ದುಡ್ಡು ಕೊಟ್ಟು ತರಿಸುವ "ಗೊಬ್ಬರ ಮಣ್ಣು" ಕೂಡ ಅನುಮಾನದ ಪಟ್ಟಿಯಲ್ಲಿರಲಿ. ಮೆಟಾರೈಜಿಯಂ ಅನ್ನುವ ಜೈವಿಕ ಪುಡಿಯನ್ನು ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ, ತೇವ ಇರುವ ನೆಲಕ್ಕೆ ಹಾಕಿ. ಮಳೆಗಾಲದ ಆರಂಭದಲ್ಲಿ, ಹುಳು ಸಣ್ಣದಿರುವಾಗ ಚೆನ್ನಾಗಿ ಕೆಲಸ ಮಾಡುತ್ತದೆ.

ಗೆದ್ದಲು ಕಂಡರೆ ಗಾಬರಿ ಬೇಡ. ಒಣ ಹುಲ್ಲು ಅದರ ಊಟ. ಬಹಳ ಸಲ ಹುಲ್ಲು ಬೇರೆ ಕಾರಣಕ್ಕೆ ಒಣಗಿರುತ್ತದೆ, ಗೆದ್ದಲು ಆಮೇಲೆ ಬಂದಿರುತ್ತದೆ. ಒಣ ಕಸ ಬಾಚಿ ತೆಗೆದು ನೀರು ಕೊಟ್ಟು ನೋಡಿ.

ಕಳೆ

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು, ಗ್ಲೌಸ್ ಹಾಕಿಕೊಂಡು ಬುಡಸಮೇತ ಕೀಳಿ. ಮುಟ್ಟಿದರೆ ಮುನಿಯೂ ಹಾಗೆಯೇ. ಕಷ್ಟ ಇರುವುದು ಕೊನ್ನಾರಿ ಗಡ್ಡೆಯದು. ಕೆಲವರು ತುಂಗೆ ಅಂತಾರೆ, ಕೆಲವರು ಜೇಕು. ಎಲೆ ಕಿತ್ತರೆ ಗಡ್ಡೆ ಕೆಳಗೇ ಉಳಿಯುತ್ತದೆ, ನೆಲ ಉತ್ತರೆ ಗಡ್ಡೆಗಳ ಸರ ತುಂಡಾಗಿ ಇಡೀ ಅಂಗಳಕ್ಕೆ ಹರಡುತ್ತದೆ. ಅದಿರುವ ತೇಪೆಯನ್ನು ಮಾತ್ರ ಮುಕ್ಕಾಲು ಅಡಿ ಅಗೆದು ಜರಡಿ ಹಿಡಿಯಿರಿ. ಅಂಗಡಿಯವರು ಗ್ಲೈಫೋಸೇಟ್ ಅನ್ನುವ ಕಳೆನಾಶಕ ಕೊಡಬಹುದು, ಆದರೆ 2022ರ ಅಕ್ಟೋಬರ್‌ನ ಕೇಂದ್ರದ ಅಧಿಸೂಚನೆಯ ಪ್ರಕಾರ ಅದನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಮೂಲಕ ಮಾತ್ರ ಬಳಸಬೇಕು.

ಉಳಿದ ಸಣ್ಣ ಕಳೆಗೆ ಸುಲಭದ ದಾರಿ ಇದೆ. ನೆಲ ಸಿದ್ಧ ಮಾಡಿ, ಬೀಜ ಹಾಕದೆ ಬರೀ ನೀರು ಹಾಕಿ ಎರಡು ವಾರ ಬಿಡಿ. ಮೊಳೆಯುವ ಕಳೆಯೆಲ್ಲ ಮೊಳೆಯಲಿ. ಆಮೇಲೆ ಮೇಲ್ಪದರ ಮಾತ್ರ ಕೆರೆದು ಹಾಕಿ, ಆಳಕ್ಕೆ ಕೆದಕಬೇಡಿ.

ಈಗ ಮಟ್ಟ

ಕಾರಣ ಸಿಕ್ಕಿ, ಸರಿಯಾದ ಮೇಲೆ ಹುಲ್ಲನ್ನು ಗಿಡ್ಡಗೆ ಕತ್ತರಿಸಿ ಒಣ ಪದರ ಬಾಚಿ. ಗರಿಕೆಯನ್ನು ನೆಲಕ್ಕೆ ಹತ್ತಿಸಿ ಕತ್ತರಿಸಿದರೂ ಚಿಗುರುತ್ತದೆ. ಬಫಲೋ ಗ್ರಾಸನ್ನು ಹಾಗೆ ಮಾಡಬೇಡಿ, ಅದರ ಬಳ್ಳಿ ಇರುವುದೆಲ್ಲ ಮೇಲೆಯೇ.

ಗೂಟ ನೆಟ್ಟು ದಾರ ಕಟ್ಟಿ, ಗಾರೆಯವರ ಟ್ಯೂಬ್ ಲೆವೆಲ್, ಅಂದರೆ ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪ್, ಹಿಡಿಯಿರಿ. ಪೂರ್ತಿ ಸಮತಟ್ಟು ಬೇಡ. ಮನೆಯ ಗೋಡೆಯಿಂದ ಆಚೆಗೆ ಹತ್ತು ಅಡಿಗೆ ಒಂದೂಕಾಲರಿಂದ ಎರಡೂವರೆ ಇಂಚು ಇಳಿಜಾರು ಇರಲಿ. ವರ್ಷಗಟ್ಟಲೆ ಮಣ್ಣು ಹಾಕಿಸಿ ಎಷ್ಟೋ ಲಾನ್‌ಗಳು ಪಕ್ಕದ ಟೈಲ್ಸ್‌ಗಿಂತ ಮೇಲೆ ಬಂದಿರುತ್ತವೆ, ಮಳೆ ನೀರು ಮನೆ ಕಡೆಗೇ ಹರಿಯುತ್ತದೆ. ಅಂಥಲ್ಲಿ ತುಂಬುವುದಲ್ಲ, ಕೆತ್ತಿ ತೆಗೆಯುವುದೇ ಮಟ್ಟ.

ಒಂದು ಇಂಚಿನೊಳಗಿನ ತಗ್ಗಿಗೆ ಮೇಲಿನಿಂದ ತುಂಬಿಸಿ. ಒಂದು ಸಲಕ್ಕೆ ಅರ್ಧ ಇಂಚು ಮೀರಬಾರದು, ಹುಲ್ಲಿನ ತುದಿ ಕಾಣುತ್ತಿರಬೇಕು. ಹುಲ್ಲು ಮೇಲೆ ಬಂದ ಮೇಲೆ ಇನ್ನೊಂದು ಸಲ. ಅದಕ್ಕಿಂತ ಆಳದ ತಗ್ಗಾದರೆ ಹುಲ್ಲನ್ನು ಎರಡು ಕಡೆ ಬಾಗಿಲು ತೆರೆಯುವ ಹಾಗೆ ಕತ್ತರಿಸಿ, ಮಡಚಿ, ಕೆಳಗೆ ಮಣ್ಣು ತುಂಬಿ ತುಳಿದು, ಮತ್ತೆ ಮುಚ್ಚಿ. ಉಬ್ಬಿಗೂ ಇದೇ ಉಪಾಯ, ಕೆಳಗಿನ ಮಣ್ಣು ತೆಗೆದರಾಯಿತು. ಉಬ್ಬು ಇಳಿಯಲಿ ಅಂತ ರೋಲರ್ ಎಳೆಸಬೇಡಿ, ನೆಲ ಇನ್ನಷ್ಟು ಗಟ್ಟಿಯಾಗುತ್ತದೆ.

ಜರಡಿ ಹಿಡಿದ ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಪುಡಿಯಾದ ಎರೆಗೊಬ್ಬರ ಒಂದು ಪಾಲು ಸಾಕು. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಆದರೆ ತೊಳೆದದ್ದು ತನ್ನಿ. ಕಲ್ಲಿನ ಧೂಳು ಇದ್ದರೆ ನೀರು ಬಿದ್ದ ಮೇಲೆ ಪದರ ಕಟ್ಟಿ ಗಟ್ಟಿಯಾಗುತ್ತದೆ. ಪ್ಲಾಸ್ಟರಿಂಗ್ ಮರಳಂತೂ ಬೇಡವೇ ಬೇಡ. ಲೆಕ್ಕ ಹೀಗೆ: 20 ಅಡಿ, 30 ಅಡಿ ಅಂಗಳಕ್ಕೆ ಅರ್ಧ ಇಂಚು ಹಾಕಲು 25 ಘನ ಅಡಿ ಬೇಕು, ಸಿಮೆಂಟ್ ಚೀಲದ ಅಳತೆಯಲ್ಲಿ ಸುಮಾರು 20 ಚೀಲ. ಪೂರ್ತಿ ಲೋಡ್ ತರಿಸಿದರೆ ಉಳಿದದ್ದನ್ನೂ ಅಲ್ಲೇ ಹರಡುತ್ತಾರೆ, ಆಗಲೇ ಹುಲ್ಲು ಉಸಿರುಕಟ್ಟಿ ಸಾಯುವುದು.

ಬೀಜವೋ, ಬೇರೋ

ಮುಕ್ಕಾಲು ಭಾಗ ಹುಲ್ಲು ಜೀವಂತ ಇದ್ದರೆ ಏನನ್ನೂ ಕೊಳ್ಳಬೇಡಿ. ಚೆನ್ನಾಗಿರುವ ಮೂಲೆಯಿಂದ ಬಳ್ಳಿ ಕಿತ್ತು, ಮೂರು ನಾಲ್ಕು ಇಂಚಿಗೊಂದರಂತೆ ಊರಿ. ಬೋಳು ಜಾಸ್ತಿ, ಹುಲ್ಲು ಗರಿಕೆ ಅಂದರೆ ನಮ್ಮ ಮಾಲಿಗಳ ಹಳೆಯ ಪದ್ಧತಿ ಒಂದಿದೆ: ಗರಿಕೆ ಬಳ್ಳಿಯನ್ನು ಎರಡು ಇಂಚಿನ ಚೂರು ಮಾಡಿ, ಕೆಮ್ಮಣ್ಣು, ಹಸುವಿನ ಸಗಣಿ, ನೀರು ಸೇರಿಸಿ ಗಾರೆಯಂತೆ ಕಲಸಿ, ಒದ್ದೆ ನೆಲದ ಮೇಲೆ ತೆಳ್ಳಗೆ ಬಳಿಯುವುದು. ಬೀಜಕ್ಕಿಂತ ಇದೇ ನನಗೆ ಇಷ್ಟ. ಪಾರಿವಾಳ ತಿನ್ನುವುದಿಲ್ಲ, ಇರುವೆ ಹೊರುವುದಿಲ್ಲ, ಹುಲ್ಲು ಇರುವ ಜಾತಿಯದೇ ಬರುತ್ತದೆ.

ಬೀಜವೇ ಹಾಕುವುದಾದರೆ ಸಿಪ್ಪೆ ತೆಗೆದ ಬರ್ಮುಡಾ ಬೀಜ ಕೇಳಿ, ಬೇಗ ಮೊಳೆಯುತ್ತದೆ. ಚದರ ಮೀಟರಿಗೆ 5ರಿಂದ 10 ಗ್ರಾಂ. ಮೇಲೆ ಹೇಳಿದ 600 ಚದರ ಅಡಿಗೆ 300ರಿಂದ 550 ಗ್ರಾಂ ಸಾಕು. ಬೀಜ ತೀರಾ ಸಣ್ಣದು, ನಾಲ್ಕು ಪಟ್ಟು ಒಣ ಮರಳು ಬೆರೆಸಿ, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಎರಚಿ. ಕಾಲು ಇಂಚಿಗಿಂತ ಆಳ ಹೋಗಬಾರದು. ರೇಕ್‌ನ ಬೆನ್ನಿನಿಂದ ಸವರಿ, ಹಲಗೆ ಹಾಕಿ ತುಳಿದರೆ ಸಾಕು. ಮೇಲೆ ಹಳೇ ಗೋಣಿ ತಾಟು ಅಥವಾ ತೆಳ್ಳಗೆ ಹುಲ್ಲು ಮುಚ್ಚಿ.

ಜೂನ್, ಜುಲೈ ಒಳ್ಳೆಯ ಕಾಲ. ಬೆಂಗಳೂರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು, ಬೀಜ ಕೊಚ್ಚಿಕೊಂಡು ಚರಂಡಿ ಸೇರುತ್ತದೆ. ಡಿಸೆಂಬರ್, ಜನವರಿಯಲ್ಲಿ ನೆಲ ತಣ್ಣಗಿರುತ್ತದೆ, ಮೊಳಕೆ ನಿಧಾನ. ಬೇಸಿಗೆಯಲ್ಲಿ ಮೊಳೆಯುತ್ತದೆ ಸರಿ, ನೀರು ಎಲ್ಲಿಂದ ತರುತ್ತೀರಿ? 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಮಳೆ ನೀರನ್ನೋ, ಸಂಸ್ಕರಿಸಿದ ನೀರನ್ನೋ ನಂಬಿಕೊಳ್ಳಿ.

ಮೊಳಕೆ ಬರದಿದ್ದರೆ

ಒಂದು ವಾರದಿಂದ ಮೂರು ವಾರ ಕಾಯಬೇಕು. ಆಗಲೂ ಬರದಿದ್ದರೆ ಮಣ್ಣು ಕೆದಕಿ ಬೀಜ ಹುಡುಕಿ. ಬೀಜವೇ ಕಾಣದಿದ್ದರೆ ಇರುವೆ, ಹಕ್ಕಿ ಅಥವಾ ಮಳೆ ಒಯ್ದಿದೆ. ಬೀಜ ಇದ್ದು ಗಟ್ಟಿಯಾಗಿಯೇ ಇದ್ದರೆ ತೇವ ಸಾಲಲಿಲ್ಲ, ಅಥವಾ ಬೀಜ ಹಳೆಯದು. ಉಳಿದ ಬೀಜದಲ್ಲಿ ನೂರು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಅರ್ಧವೂ ಮೊಳೆಯದಿದ್ದರೆ ಪ್ಯಾಕೆಟ್ ಹಿಂದಿರುಗಿಸಿ. ಬಿಳಿ ಮೊಳಕೆ ಬಂದು ಒಣಗಿದ್ದರೆ ಮಧ್ಯದಲ್ಲಿ ಒಂದು ದಿನ ನೀರು ತಪ್ಪಿದೆ. ಮೊದಲ ಎರಡು ಮೂರು ವಾರ ದಿನಕ್ಕೆ ಎರಡು ಮೂರು ಸಲ ತುಂತುರು ಮಾತ್ರ. ಪೈಪ್ ಬಾಯಿಗೆ ಬೆರಳಿಟ್ಟು ಹೊಡೆಯಬೇಡಿ, ಬೀಜವೆಲ್ಲ ಒಂದು ಮೂಲೆಗೆ ಸೇರುತ್ತದೆ. ತಗ್ಗಿನಲ್ಲಿ ಮಾತ್ರ ದಟ್ಟವಾಗಿ ಮೊಳೆತು ಉಳಿದ ಕಡೆ ಬೋಳಿದ್ದರೆ ಅದು ಆಗಿರುವುದೂ ಇದರಿಂದಲೇ.

ಹುಲ್ಲು ಎರಡು ಇಂಚು ದಾಟಿದಾಗ, ನೆಲ ಒಣಗಿದ್ದಾಗ, ಹರಿತವಾದ ಬ್ಲೇಡಿನಿಂದ ಮೇಲಿನ ಮೂರನೇ ಒಂದು ಭಾಗ ಮಾತ್ರ ಕತ್ತರಿಸಿ. ಆಮೇಲೆ ನೀರನ್ನು ದಿನ ಬಿಟ್ಟು ದಿನ, ಆಳಕ್ಕೆ ಇಳಿಯುವ ಹಾಗೆ ಕೊಡಿ. ಮೊಳೆತು ಒಂದು ತಿಂಗಳಾದ ಮೇಲೆ ಚದರ ಮೀಟರಿಗೆ 5 ಗ್ರಾಂ ಯೂರಿಯಾ, ಎಲೆ ಒಣಗಿದ್ದಾಗ ಎರಚಿ, ತಕ್ಷಣ ನೀರು ಹಾಯಿಸಿ. ಮಕ್ಕಳ ಕ್ರಿಕೆಟ್ಟು ಇನ್ನೂ ಒಂದು ತಿಂಗಳು ರಸ್ತೆಯಲ್ಲೇ ನಡೆಯಲಿ.